ಮೂರನೇ ಕಡವಿನ ಕುರ್ಚಿ

ನಮ್ಮೂರಿನ ಹೊಳೆಗೆ ನಿಂತ ನೆಲೆಯಿಲ್ಲ. ಹೋದ ಸೋಮವಾರ ಸಂತೆ ಮೈದಾನದ ಪಕ್ಕ ಹರಿದದ್ದು ಈ ಸೋಮವಾರ ಪೋಸ್ಟಾಫೀಸಿನ ಹಿಂದೆ ಹರಿಯುತ್ತಿರಬಹುದು. ಹಾಗಾಗಿ ನಮ್ಮಲ್ಲಿ ಮಂಚದ ಕಾಲುಗಳ ಕೆಳಗೆ ನಾಲ್ಕು ನಾಲ್ಕು ಇಟ್ಟಿಗೆ ಇಟ್ಟಿರುತ್ತಾರೆ. ಅಕ್ಕಿ ಡಬ್ಬಿ ಅಟ್ಟದ ಮೇಲಿರುತ್ತದೆ. ಹೆಣ್ಣು ನೋಡಲು ಬರುವವರು ಮೊದಲು ಯಾರನ್ನಾದರೂ ಕಳಿಸಿ, ಹೊಳೆ ಈಗ ಯಾವ ಕಡೆ ಇದೆ ಎಂದು ವಿಚಾರಿಸಿಕೊಂಡೇ ಹೊರಡುತ್ತಾರೆ. ಅದು ಶಾಲೆಯ ಅಂಗಳಕ್ಕೆ ಬಂದರೆ ಮಕ್ಕಳಿಗೆ ಹೊಳೆ ರಜೆ. ಇದರಲ್ಲೆಲ್ಲ ನಮಗೆ ವಿಶೇಷವೇನೂ ಕಾಣುವುದಿಲ್ಲ. ಕಟ್ಟು ಅಂತ ಇರುವುದು ಒಂದೇ: ಹೊಳೆಗೆ ಬೇಡ ಅನ್ನಬಾರದು. ಬಾಯಿಬಿಟ್ಟು ಬರಬೇಡ ಅಂದವರ ಮನೆಗೆ ಬಂದು ಅದು ಮೂರು ವರ್ಷ ಕೂತದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರಂತೆ. ಅದಕ್ಕೇ ಹೊಳೆಯ ಮಾತು ಬಂದರೆ "ಬರ್ಲಿ ಪಾಪ, ಅದರ ಊರು" ಅಂದು ಬೇರೆ ಮಾತಿಗೆ ಹೊರಳಿಬಿಡುತ್ತೇವೆ. ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ನೀರಿಗೆ ಕಿವಿ ಚುರುಕು.

ನಾನು ಹದಿನಾರು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಕಾದ ಮರಳಿಗೆ ಅಕ್ಕಿ ಸುರಿಯಬೇಕು, ಅರಳಿತೋ ಇಲ್ಲವೋ ಜರಡಿಗೆ ಎತ್ತಬೇಕು, ಮರಳು ಕೆಳಗೆ ಉದುರಿಸಿ ಮಂಡಕ್ಕಿಯನ್ನು ರಾಶಿಗೆ ಒಗೆಯಬೇಕು. ಎರಡು ಉಸಿರಿನಷ್ಟು ತಡವಾದರೆ ಸೀದುಹೋಗುತ್ತದೆ. ಆ ಕೆಲಸ ಮಾಡಿದ ಕೈಗೆ ಸುಮ್ಮನಿರುವುದು ಅಂದರೇನು ಅಂತಲೇ ಗೊತ್ತಿರುವುದಿಲ್ಲ. ನಮ್ಮೆಜಮಾನರು ತೀರಿಕೊಂಡ ಮೇಲೆ ಮಗಳು ಚಂದ್ರಿಯನ್ನೂ ರಜೆಯಲ್ಲಿ ಜರಡಿ ಹಿಡಿಯಲು ಕರೆದುಕೊಂಡು ಹೋಗುತ್ತಿದ್ದೆ. ಅವಳಿಗೆ ಆಗ ಹತ್ತು ವರ್ಷ. ಒಂದು ದಿನ ಅವಳು ಹೊಗೆಯಲ್ಲಿ ಕೆಮ್ಮಿದ ಕೆಮ್ಮು ನನ್ನ ಕೆಮ್ಮಿನ ಹಾಗೇ ಕೇಳಿಸಿತು. ತಿರುಗಿ ನೋಡಿದರೆ ಜರಡಿ ಹಿಡಿದು ನಿಂತ ಭಂಗಿಯೂ ನನ್ನದೇ. ಅವತ್ತೇ ಹೋಗಿ ಪುರಸಭೆಯಲ್ಲಿ ಅರ್ಜಿ ಕೊಟ್ಟೆ.

ಪುರಸಭೆಯ ಗುಮಾಸ್ತ ಹದಿನಾಲ್ಕು ಸಲ ಅಲೆಸಿದ. ಕಾಲು ಮೇಜಿನ ಮೇಲೆ, ಕಡ್ಡಿ ಕಿವಿಯಲ್ಲಿ. ಸಾಹೇಬರು ಹೊರಗೆ ಹೋಗಿದ್ದಾರೆ, ಕೂತಿರು ಅನ್ನುವುದು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ನನ್ನ ಮುಂದೆಯೇ ನಿಧಾನವಾಗಿ ಉಣ್ಣುವುದು. ಒಂದು ಸಲವೂ ಆಗುವುದಿಲ್ಲ ಅನ್ನಲಿಲ್ಲ, ಆಗುತ್ತದೆ ಅಂತಲೂ ಅನ್ನಲಿಲ್ಲ. ಅವನ ಮುಂದೆ ನಿಂತು ನಿಂತು, ಆ ಮೇಜಿನ ಕಾಲನ್ನೇ ಮುರಿಯಬೇಕು ಅನ್ನಿಸುತ್ತಿತ್ತು. ಹದಿನೈದನೇ ಸಲ ಹೋದಾಗ ಮಾತಿಲ್ಲದೆ ಆರ್ಡರು ಕೈಗಿಟ್ಟ. ಮೂರನೇ ಕಡವಿನ ಟಿಕೆಟ್ ಗುಮಾಸ್ತೆ. ಆರು ತಿಂಗಳು ನೋಡಿ ಕಾಯಂ ಮಾಡುವುದು. 'ಕೆಲಸದ ವಿವರ' ಅಂತ ಬರೆದಿದ್ದರ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿಂದಲೇ ನನ್ನ ಅನುಮಾನ ಶುರುವಾಯಿತು.

ಕಡವು ಅಂದರೆ ದೋಣಿ ಹತ್ತಿ ಹೊಳೆ ದಾಟುವ ಜಾಗ. ನಮ್ಮೂರಿನಲ್ಲಿ ಅಂಥವು ಏಳಿವೆ. ಹೊಳೆ ಯಾವುದರ ಮುಂದಿದೆಯೋ ಅಲ್ಲಿ ದೋಣಿ ಓಡುತ್ತದೆ, ಉಳಿದವರು ಕಾಯುತ್ತಾರೆ. ಮೂರನೇ ಕಡವಿಗೆ ಹೊಳೆ ಬಂದು ಮೂವತ್ತೊಂದು ವರ್ಷವಾಗಿತ್ತು. ಹೊಳೆಯ ಪಾತ್ರದಲ್ಲಿ ಈಗ ಮರಳು ಕೇರಿ ಅಂತ ಒಂದು ಕೇರಿಯೇ ಎದ್ದಿದೆ, ಎಂಬತ್ತು ಮನೆ. ಕಡವಿನ ಮೆಟ್ಟಿಲು ಇಳಿದರೆ ಸೀದಾ ಜನ ಮೆಣಸಿನಕಾಯಿ ಒಣಗಿಸುವ ಬೀದಿಗೇ ಕಾಲಿಡುತ್ತೀರಿ. ಕೆಲಸಕ್ಕೆ ಹತ್ತಿರವಾಗಲಿ ಅಂತ ನಾನೂ ಆ ಕೇರಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಕಚೇರಿಯ ಕುರ್ಚಿಯಲ್ಲಿ ಕೂತರೆ ಕಿಟಕಿಯಿಂದ ನನ್ನ ಮನೆಯ ಬಾಗಿಲು ಕಾಣುತ್ತಿತ್ತು. ಸಂಜೆ ಚಂದ್ರಿ ಹೊಸ್ತಿಲ ಮೇಲೆ ಕೂತು ಪಾಠ ಓದುವುದು ಮೆಟ್ಟಿಲ ಮೇಲಿನವರೆಗೂ ಕೇಳುತ್ತಿತ್ತು. ಅವಳು ಏನು ಓದಿದರೂ ಗಟ್ಟಿಯಾಗಿಯೇ ಓದಬೇಕು. ಬೆಂಕಿಪೊಟ್ಟಣದ ಮೇಲಿನ ಅಕ್ಷರವನ್ನೂ ಬೀದಿಗೆಲ್ಲ ಕೇಳುವ ಹಾಗೆ ಓದುತ್ತಾಳೆ.

ಮೊದಲ ದಿನ ಹೋದರೆ ಕಚೇರಿಯಲ್ಲಿ ಒಂದು ಮೇಜು, ಕೂತವರ ಅಚ್ಚು ಇಳಿದ ಒಂದು ಬೆತ್ತದ ಕುರ್ಚಿ, ಇಂಕಿಲ್ಲದ ಪೆನ್ನು, ಒಂದೂ ಹರಿಯದ ಟಿಕೆಟ್ ಪುಸ್ತಕ. ಹೊರಗೆ ದೋಣಿ ಬೋರಲು ಬಿದ್ದಿತ್ತು, ಅದರ ಅಡಿಯಲ್ಲಿ ಯಾರದೋ ಕೋಳಿ ಕಾವಿಗೆ ಕೂತಿತ್ತು. ಮೆಟ್ಟಿಲ ಮೇಲೆ ಬೆರಳುದ್ದ ಪಾಚಿ ಒಣಗಿ ಕಪ್ಪಾಗಿತ್ತು. ಮೇಲಿನ ಅಧಿಕಾರಿ ಪಾಲಾಕ್ಷಯ್ಯ ಅಂತ, ಹನ್ನೊಂದು ಗಂಟೆಗೆ ಬಂದರು. ನಾನು ಅಷ್ಟರಲ್ಲಿ ಪೊರಕೆ ಹಿಡಿದಿದ್ದೆ. ಅವರು ಬಾಗಿಲಲ್ಲೇ ನಿಂತು, ಹಾವು ಹಿಡಿದವರನ್ನು ನೋಡುವ ಹಾಗೆ ನನ್ನನ್ನು ನೋಡಿ, ಪೊರಕೆಯನ್ನು ಮೆಲ್ಲಗೆ ಕೈಯಿಂದ ಬಿಡಿಸಿಕೊಂಡರು.

"ಇರ್ಲಿ ಬಿಡಮ್ಮ ಹಾಲಮ್ಮ. ಕೂತ್ಕೋ. ಏನು ಅವಸರ?"

ಏನು ಮಾಡಬೇಕು ಸ್ವಾಮಿ ಅಂತ ಕೇಳಿದೆ. ಅವರು ಕಿಟಕಿಯ ಆಚೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಕೂತರಾಯಿತು ಅಂದರು. ಕೂತು ಏನು ಮಾಡಲಿ ಅಂದೆ. ಕೂತುಕೊಳ್ಳುವುದೇ ಅಂದು ಹೊರಟುಹೋದರು.

ಕೂತೆ. ಭಟ್ಟಿಯಲ್ಲಿ ಹನ್ನೆರಡು ತಾಸು ನಿಂತರೂ ಬಾರದ ಸೊಂಟನೋವು ನಾಲ್ಕು ತಾಸು ಕೂತಿದ್ದಕ್ಕೆ ಬಂತು. ನೊಣ ಓಡಿಸಿದೆ. ಬೆರಳು ಮಡಚಿ ಕಿಟಕಿಯ ಸರಳು ಎಣಿಸಿದೆ. ಮೂರನೇ ದಿನ ಮೇಜಿನ ಕೆಳಗೆ ಬತ್ತಿ ಹೊಸೆಯಲು ಶುರು ಮಾಡಿದೆ. ತಿಂಗಳು ತುಂಬಿದಾಗ ಸಂಬಳ ಬಂತು, ಕೈಗೆ ತೆಗೆದುಕೊಳ್ಳುವಾಗ ಕದ್ದ ಹಾಗೆ ಅನ್ನಿಸಿತು. ಯಾರಾದರೂ ಸುಮ್ಮನೆ ಕೂರಿಸಿ ಊಟ ಹಾಕುತ್ತಾರೆ ಅಂದರೆ ಒಂದೋ ಅವರಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ನಿನ್ನ ತಲೆಗೇ ಏನೋ ಬರಲಿಕ್ಕಿದೆ ಅಂತ ನಮ್ಮವ್ವ ಹೇಳುತ್ತಿದ್ದಳು.

ಕೇರಿಯ ಜನ ಬೇರೆ. ದಿನಕ್ಕೆ ನಾಲ್ಕೈದು ಮಂದಿ ಮೆಟ್ಟಿಲು ಹತ್ತಿ ಬಂದು ಕಿಟಕಿಯಲ್ಲಿ ಇಣುಕುವರು. ನಾನು ಕೂತಿರುವುದನ್ನು ನೋಡಿ, ತಲೆಯಾಡಿಸಿ, ಇಳಿದು ಹೋಗುವರು. ಏನು ಬೇಕಿತ್ತು ಅಂದರೆ ಏನಿಲ್ಲ ಅನ್ನುವರು. ಎದುರು ಮನೆಯ ಗಂಗಕ್ಕ ಒಂದು ದಿನ ಸಾರು ತಂದಳು, ಇನ್ನೊಂದು ದಿನ ಎಲೆ ಅಡಿಕೆ. ಎರಡನೇ ತಿಂಗಳಲ್ಲಿ ಕುರ್ಚಿಗೆ ಹಾಕಿಕೋ ಅಂತ ಬೂರುಗದ ಹತ್ತಿಯ ದಿಂಬು ಹೊಲಿದು ತಂದಳು. ನಾನು ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿದೆ, ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿಯೂ ನೋಡಿದೆ. ಹತ್ತಿಯೇ ಇತ್ತು. ಅದರಿಂದ ಸಮಾಧಾನವಾಗಲಿಲ್ಲ, ಇನ್ನೂ ಹೆದರಿಕೆಯಾಯಿತು. ಹರಕೆಯ ಕುರಿಗೂ ಹೀಗೆಯೇ ಹಸಿರು ಸೊಪ್ಪು ಹಾಕುತ್ತಾರಲ್ಲ.

ಯೋಚಿಸಿ ಯೋಚಿಸಿ ನಾನೇ ಒಂದು ಅರ್ಥ ಮಾಡಿಕೊಂಡೆ. ಇವರೆಲ್ಲ ಸಾಕ್ಷಿ ಕೂಡಿಸುತ್ತಿದ್ದಾರೆ. ಆರು ತಿಂಗಳ ಕೊನೆಗೆ ಪಾಲಾಕ್ಷಯ್ಯ ಕೇಳುತ್ತಾರೆ, ಈಯಮ್ಮ ಏನು ಕೆಲಸ ಮಾಡಿದಳು ಅಂತ. ಎಂಬತ್ತು ಮನೆಯವರು ಒಂದೇ ಬಾಯಲ್ಲಿ, ಕೂತಿದ್ದಳು ಸ್ವಾಮಿ ಅನ್ನುತ್ತಾರೆ. ಗಂಗಕ್ಕನಿಗೆ ಒಬ್ಬ ಅಳಿಯ ಇದ್ದಾನೆ, ಕೆಲಸವಿಲ್ಲದವನು. ಕುರ್ಚಿ ಅವನಿಗೆ, ನಾನು ಮತ್ತೆ ಭಟ್ಟಿಗೆ, ನನ್ನ ಹಿಂದೆ ಜರಡಿ ಹಿಡಿದು ಚಂದ್ರಿ.

ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಓಬಳಯ್ಯ. ಮುದುಕ, ಕೇರಿಯ ಮೇಲ್ಬದಿಯ ದಿಬ್ಬದಲ್ಲಿ ಮನೆ. ಅವನು ಬೀದಿಯಲ್ಲಿ ನಡೆದರೆ ಜನ ಎದ್ದು ನಿಲ್ಲುತ್ತಾರೆ, ಮದುವೆ ಮನೆಯಲ್ಲಿ ಮೊದಲ ಎಲೆ ಅವನಿಗೆ. ಅಂಥವನಿಗೆ ಗುಟ್ಟು ಗೊತ್ತಿರಲೇಬೇಕು ಅಂತ ನಾಲ್ಕನೇ ತಿಂಗಳಲ್ಲಿ ಒಂದು ಸೇರು ಮಂಡಕ್ಕಿ ಕಟ್ಟಿಸಿಕೊಂಡು ಹೋದೆ. ಅವನು ಮಂಚದ ಮೇಲೆ ಅಂಗಾತ ಮಲಗಿ, ಒಂದೊಂದೇ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ನಾನು ಹೇಳಿದ್ದನ್ನೆಲ್ಲ ಕೇಳಿದ.

"ನಾನೇನೂ ಮಾಡ್ಲಿಲ್ಲ ಕಣವ್ವ," ಅಂದ. "ಮೂವತ್ತೊಂದು ವರ್ಷ. ಒಂದು ಕಡ್ಡಿ ಈ ಕಡೆಯಿಂದ ತೆಗೆದು ಆ ಕಡೆ ಇಟ್ಟೋನಲ್ಲ."

"ಹಂಗಾದ್ರೆ ಊರೋರು ನಿಂಗ್ಯಾಕೆ ಕೈ ಮುಗೀತಾರೆ ಅಜ್ಜ?"

"ಅದ್ಕೇ ಮುಗೀತಾರೆ."

ಹೀಗೆಂದು ಕಣ್ಣು ಮುಚ್ಚಿದ. ಗೊರಕೆಯೂ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಮುದುಕ ಹಾಸ್ಯ ಮಾಡಿ ಕಳಿಸಿದ ಅಂದುಕೊಂಡೆ. ಅವನೂ ಅವರ ಕಡೆಯವನೇ.

ಮರುದಿನದಿಂದ ಬೆಳಕು ಹರಿಯುವ ಮುಂಚೆಯೇ ಕಡವಿಗೆ ಹೋಗತೊಡಗಿದೆ. ಪಾಲಾಕ್ಷಯ್ಯ ಬರುವುದು ಹನ್ನೊಂದಕ್ಕೆ, ಕೇರಿ ಏಳುವುದು ಏಳಕ್ಕೆ. ನಡುವೆ ನನಗೆ ಬೇಕಾದಷ್ಟು ಹೊತ್ತಿತ್ತು. ಇಟ್ಟಿಗೆ ಚೂರು ಹಿಡಿದು ಮೆಟ್ಟಿಲ ಪಾಚಿ ಕೆರೆದೆ. ಕೆರೆದ ಜಾಗ ಎದ್ದು ಕಾಣದಿರಲಿ ಅಂತ ಮೇಲೆ ಗೋಣಿಚೀಲ ಹಾಸುತ್ತಿದ್ದೆ. ಯಾರಾದರೂ ಕೇಳಿದರೆ ಕಾಳು ಒಣಗಿಸಲಿಕ್ಕೆ ಅನ್ನುತ್ತಿದ್ದೆ. ಮರಿಗಳನ್ನು ಎಬ್ಬಿಸಿಕೊಂಡು ಕೋಳಿ ಯಾವಾಗಲೋ ಹೊರಟುಹೋಗಿತ್ತು. ದೋಣಿಯನ್ನು ಸನ್ನೆಕೋಲು ಹಾಕಿ ನೆಟ್ಟಗೆ ಮಾಡಿ, ಸಂದುಗಳಿಗೆ ನಾರು ತುಂಬಿ, ಗೇರೆಣ್ಣೆ ಬಳಿದೆ. ಹೊಸ ಹಗ್ಗ ಹೊಸೆದು ಗೂಟಕ್ಕೆ ಕಟ್ಟಿದೆ. ನೀರಿನ ಮಟ್ಟ ಅಳೆಯುವ ಕಲ್ಲುಕಂಬಕ್ಕೆ ಸುಣ್ಣ ಬಳಿದು ಗೆರೆ ಎಳೆದೆ. ಏಳರೊಳಗೆ ದೋಣಿಗೂ ಕಂಬಕ್ಕೂ ಗೋಣಿಚೀಲ ಹೊದಿಸಿಬಿಡುತ್ತಿದ್ದೆ. ಪೆನ್ನಿಗೆ ಇಂಕು ಹಾಕಿದೆ. ಕೈಗೆ ಕೆಲಸ ಸಿಕ್ಕಿದ್ದೇ ಮೈ ಹಗುರಾಯಿತು, ರಾತ್ರಿ ಹೊರಳಾಡದೆ ನಿದ್ದೆ ಬರತೊಡಗಿತು. ಆರು ತಿಂಗಳು ತುಂಬಿದ ದಿನ ಪಾಲಾಕ್ಷಯ್ಯನ ಮುಂದೆ ಗೋಣಿಚೀಲ ಎಳೆದು ತೋರಿಸಿಬಿಡಬೇಕು, ನೋಡಿ ಸ್ವಾಮಿ, ಹಾಲಮ್ಮ ಕೂತು ಉಂಡವಳಲ್ಲ ಅಂತ. ಆ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಆಡಿಕೊಂಡೆನೋ.

ಐದನೇ ತಿಂಗಳ ಕೊನೆಗೆ ಕೆಳಗಿನ ಮೆಟ್ಟಿಲು ಒದ್ದೆಯಾಗಿರುವುದು ಕಂಡಿತು. ಮರುದಿನ ಎರಡನೆಯದೂ ಒದ್ದೆ. ಇದು ಗಂಗಕ್ಕನ ಕೆಲಸ ಅಂತ ಆ ಕ್ಷಣವೇ ತೀರ್ಮಾನ ಮಾಡಿದೆ. ಪಾತ್ರೆ ತೊಳೆದ ನೀರು ಚೆಲ್ಲಿ, ಮತ್ತೆ ಪಾಚಿ ಹಿಡಿಸಿ, ನನ್ನ ಹೆಸರು ಕೆಡಿಸುವ ಹಂಚಿಕೆ. ಹೆಜ್ಜೆ ಮೂಡಲಿ ಅಂತ ಸಂಜೆ ಮೆಟ್ಟಿಲಿಗೆಲ್ಲ ಬೂದಿ ಉದುರಿಸಿ ಬಂದೆ. ಬೆಳಿಗ್ಗೆ ನೋಡಿದರೆ ಒಂದು ಹೆಜ್ಜೆಯೂ ಇಲ್ಲ. ಬೂದಿಯ ಮೇಲೆ ಮಾತ್ರ, ಬಾಚಣಿಗೆ ಎಳೆದ ಹಾಗೆ, ಸಣ್ಣ ಸಣ್ಣ ಅಲೆಯ ಗೆರೆಗಳು. ಗೋಣಿಚೀಲದ ಮಡಿಕೆಯಲ್ಲಿ ಉಗುರಿನಷ್ಟು ಪುಟ್ಟ ಮೀನು ಇತ್ತು. ಗಂಗಕ್ಕ ಮೀನು ತಿನ್ನುವವಳಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಅನುಮಾನ ಹತ್ತಿದ ಕಣ್ಣಿಗೆ ಜನ ಮಾತ್ರ ಕಾಣುತ್ತಾರೆ, ಬೇರೇನೂ ಕಾಣುವುದಿಲ್ಲ. ಮೀನನ್ನು ಯಾರಿಂದ ತರಿಸಿರಬಹುದು ಅಂತ ಯೋಚಿಸುತ್ತ ಕೂತೆ.

ಆ ವಾರ ಹೊಳೆ ಶಾಲೆಯ ಅಂಗಳದಲ್ಲಿತ್ತು. ಮಕ್ಕಳಿಗೆ ರಜೆ. ಚಂದ್ರಿ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಹತ್ತು ಗಂಟೆಯಿರಬೇಕು, ಅವಳ ದನಿ ಪದದ ನಡುವೆ ನಿಂತಿತು. ಕಿಟಕಿಯಲ್ಲಿ ನೋಡಿದೆ. ಕೇರಿಯ ತಲೆಬದಿಯಿಂದ ನೀರು ಬರುತ್ತಿತ್ತು. ಹೊಳೆ ನುಗ್ಗಿ ಬರುವುದಿಲ್ಲ. ಮಾತುಕತೆಗೆ ಬಂದ ಬೀಗರ ಹಾಗೆ ನಿಧಾನವಾಗಿ, ಆ ಬದಿ ಈ ಬದಿ ನೋಡುತ್ತ ಬರುತ್ತದೆ. ಪಾದ ಮುಳುಗುವಷ್ಟು, ಆಮೇಲೆ ಮೊಣಕಾಲು ಮುಳುಗುವಷ್ಟು. ಮೆಣಸಿನಕಾಯಿ ತೇಲಿದವು. ಯಾರೂ ಕೂಗಲಿಲ್ಲ. ಎಂಬತ್ತು ಮನೆಯವರು ಬಾಗಿಲಿಗೆ ಬಂದು ನಿಂತರು. ಯಾರೂ ಹೊಳೆಯನ್ನು ನೋಡುತ್ತಿರಲಿಲ್ಲ. ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು.

ಹೊಳೆ ನೇರ ನನ್ನ ಮೆಟ್ಟಿಲಿಗೇ ಬಂತು. ಗೋಣಿಚೀಲಗಳನ್ನು ಎತ್ತಿ ಪಕ್ಕಕ್ಕಿಟ್ಟು, ನಾನು ತಿಕ್ಕಿದ ಕಲ್ಲನ್ನು ಸವರಿತು. ದೋಣಿಯನ್ನು ಎತ್ತಿತು. ಹೊಸ ಹಗ್ಗ ಬಿಗಿಯಾಗಿ, ದೋಣಿಯ ಮೂತಿ ಮೇಲಿನ ಮೆಟ್ಟಿಲಿಗೆ ಟಕ್ ಟಕ್ ಎಂದು ಬಡಿಯಿತು, ಕೌಂಟರಿನ ಮೇಲೆ ನಾಣ್ಯ ಬಡಿದು ಗುಮಾಸ್ತರನ್ನು ಕರೆಯುವ ಹಾಗೆ. ಅಷ್ಟರಲ್ಲಿ ಪಾಲಾಕ್ಷಯ್ಯ ಬರಿಗಾಲಲ್ಲಿ ಓಡಿ ಬಂದರು. ಬಾಯಿ ಬಿಡುವಂತಿರಲಿಲ್ಲ. ಎಣ್ಣೆ ಮಿಂಚುವ ದೋಣಿಯನ್ನು ತೋರಿಸಿದರು, ಹಗ್ಗ ತೋರಿಸಿದರು, ಸುಣ್ಣದ ಕಂಬ ತೋರಿಸಿದರು, ಬೆಳ್ಳಗಾದ ಮೆಟ್ಟಿಲು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಅವರ ಕಣ್ಣಲ್ಲಿ ನೀರಿತ್ತು.

ಐದು ತಿಂಗಳು ಅರ್ಥವಾಗದ್ದು ಆಗ ಒಂದೇ ಸಲಕ್ಕೆ ಅರ್ಥವಾಯಿತು. ತನಗಾಗಿ ತಯಾರಾಗಿರುವ ಜಾಗಕ್ಕೆ ಹೊಳೆ ಬರುತ್ತದೆ. ಕಚೇರಿ ಮುಚ್ಚಿದರೆ ಬೇಡ ಅಂದ ಹಾಗಾಗುತ್ತದೆ, ತೆರೆದು ಕೆಲಸ ಮಾಡಿದರೆ ಬಾ ಅಂದ ಹಾಗಾಗುತ್ತದೆ. ತೆರೆದಿಟ್ಟುಕೊಂಡು ಏನೂ ಮಾಡದೆ ಕೂರಲು ಒಬ್ಬರು ಬೇಕು. ಗಂಗಕ್ಕನ ದಿಂಬು, ಸಾರು, ಕಿಟಕಿಯಲ್ಲಿ ಇಣುಕಿ ತಲೆಯಾಡಿಸುವುದು, ಎಲ್ಲ ಅದಕ್ಕೇ.

ಕೆಳಗೆ ಚಂದ್ರಿ ನಮ್ಮ ಹೊಸ್ತಿಲಲ್ಲಿ ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ನೀರು ಅವಳ ಸೊಂಟಕ್ಕೆ ಬಂದಿತ್ತು. "ಅವ್ವಾ," ಅಂತ ಒಂದೇ ಸಲ ಕರೆದಳು. ನಾನು ಏಳಲು ಹೋದೆ. ಕುರ್ಚಿ ಕಿರ್ ಅಂದಿತು. ಅಷ್ಟಕ್ಕೇ ಹೊಳೆ ಒಂದು ಮೆಟ್ಟಿಲು ಮೇಲೆ ಬಂತು, ಚಂದ್ರಿಯ ಎದೆಯವರೆಗೂ ಒದ್ದೆಯಾಯಿತು. ಎದ್ದರೆ ಗುಮಾಸ್ತೆ ಕೆಲಸಕ್ಕೆ ಎದ್ದಳು ಅಂತ ಅದು ತಿಳಿಯುತ್ತದೆ. ದಿಬ್ಬದ ಮೇಲೆ ಓಬಳಯ್ಯ ಕೋಲೂರಿ ನಿಂತಿದ್ದ. ನಾನು ಅವನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತ, ದೊಡ್ಡದಾಗಿ ಬಾಯಿ ತೆರೆದು ಆಕಳಿಸಿದ.

ಕೂತೆ. ಚಪ್ಪಲಿ ಬಿಟ್ಟು ಎರಡೂ ಕಾಲು ಮೇಜಿನ ಮೇಲಿಟ್ಟೆ. ಒಂದರ ಮೇಲೊಂದು ಹಾಕಿ ಒತ್ತಿ ಹಿಡಿದೆ. ತಲೆಯಿಂದ ಪಿನ್ನು ತೆಗೆದು ಕಿವಿಗೆ ಹಾಕಿಕೊಂಡೆ. ಪುರಸಭೆಯ ಆ ಗುಮಾಸ್ತನನ್ನು ನೆನೆದುಕೊಂಡು, ಹೊಳೆಯ ಕಡೆ ನೋಡದೆ ಹೇಳಿದೆ:

"ಬರ್ರಿ, ಬರ್ರಿ. ಕುಂತ್ಕಳ್ರಿ. ಸಾಹೇಬ್ರು ಹೊರಗೆ ಹೋಗಿದಾರೆ."

ದೋಣಿ ಮತ್ತೆ ಟಕ್ ಅಂದಿತು.

"ಅರ್ಜಿ ತಂದಿದೀರೇನು? ತರ್ಲಿಲ್ವಾ? ಇರ್ಲಿ, ನೋಡಣ. ಕುಂತ್ಕಳ್ರಿ."

ಹೊಳೆ ಕೂತಿತು. ಅಂದರೆ ಅಲ್ಲೇ ಸುತ್ತತೊಡಗಿತು, ಮೆಟ್ಟಿಲ ಬುಡದಲ್ಲಿ, ಹೊರಗಿನ ಬೆಂಚಿನಲ್ಲಿ ಕಾಯುವವರು ಕಾಲು ಬದಲಿಸುವ ಹಾಗೆ. ಹನ್ನೊಂದಾಯಿತು. ಹನ್ನೆರಡಾಯಿತು. ನಾನು ಉಗುರು ನೋಡಿಕೊಂಡೆ. ಡಬ್ಬಿ ಬಿಚ್ಚಿ ಉಂಡೆ, ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿದೆ. ನಡುವೆ ಎರಡು ಸಲ ದೋಣಿ ಬಡಿದಾಗ, ಚಿಲ್ಲರೆ ಇಲ್ಲ ಅಂತ ಒಂದು ಸಲ, ರಬ್ಬರ್ ಸ್ಟಾಂಪು ಬೀರುವಿನಲ್ಲಿದೆ, ಬೀಗದ ಕೈ ಸಾಹೇಬರ ಹತ್ತಿರ ಇದೆ ಅಂತ ಇನ್ನೊಂದು ಸಲ ಹೇಳಿದೆ. ಒಮ್ಮೆಯೂ ಬೇಡ ಅನ್ನಲಿಲ್ಲ. ಕೆಳಗಿನಿಂದ ಚಂದ್ರಿ ನೋಡುತ್ತಿದ್ದಳು. ಅವಳ ತಲೆಯ ಮೇಲಿನ ಚೀಲ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಗುತ್ತಿದ್ದದ್ದು ಓರೆಗಣ್ಣಿಗೆ ಕಾಣುತ್ತಿತ್ತು. ಗಂಗಕ್ಕ ಗೋಡೆ ಹಿಡಿದು ಹಿಡಿದು ಅವಳ ಹತ್ತಿರ ಹೋಗಿ ಸೊಂಟಕ್ಕೆ ಎತ್ತಿಕೊಂಡಳು. ಹತ್ತಿಯ ದಿಂಬು ಬಿಚ್ಚಿ ನೋಡಿದವಳ ಮಗಳನ್ನು.

ಮೂರೂವರೆ ಹೊತ್ತಿಗೆ ನೀರು ಒಂದು ಮೆಟ್ಟಿಲು ಇಳಿಯಿತು. ನಾಳೆ ಬರ್ರಿ ಅಂತ ನಾನು ಹೇಳಬೇಕಾಗಿಯೇ ಬರಲಿಲ್ಲ. ಸರ್ಕಾರಿ ಕಚೇರಿಗೆ ಅಲೆದವರು ಯಾರಾದರೂ ಗುರುತು ಹಿಡಿಯಬಹುದಾದ ಒಂದು ನಡಿಗೆಯಲ್ಲಿ, ಗೊಣಗಿಕೊಂಡು, ಹೊಳೆ ಕೇರಿಯಿಂದ ಹೊರಟಿತು. ನಾಲ್ಕೂವರೆಗೆ ಬೀದಿಯಲ್ಲಿ ಕೆಸರು ಮತ್ತು ಮೆಣಸಿನಕಾಯಿ ಮಾತ್ರ ಉಳಿದಿದ್ದವು. ಕಚೇರಿಯ ವೇಳೆ ಮುಗಿಯುವುದು ಐದಕ್ಕೆ. ಐದರವರೆಗೂ ಕೂತೆ. ಆಮೇಲೆ ಎದ್ದು, ಬಾಗಿಲು ಎಳೆದುಕೊಂಡು ಮೆಟ್ಟಿಲು ಇಳಿದೆ. ಹದಿನಾರು ವರ್ಷದ ಭಟ್ಟಿಯಲ್ಲಿ ಒಂದು ದಿನವೂ ಅಷ್ಟು ದಣಿದಿರಲಿಲ್ಲ.

ಚಂದ್ರಿ ಗಂಗಕ್ಕನ ಸೀರೆ ಸುತ್ತಿಕೊಂಡು ಕೂತಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದವು.

"ಯಾಕ್ ಬರ್ಲಿಲ್ಲ ನೀನು?"

"ಕೆಲಸ ಇತ್ತು ಕಣೆ."

"ಸುಳ್ಳು. ಕಾಲ್ ಮ್ಯಾಲೆ ಹಾಕ್ಕೊಂಡು ಕುಂತಿದ್ದೆ. ಉಣ್ತಿದ್ದೆ. ನಾನು ನೋಡ್ದೆ."

ನಾನು ಗಂಗಕ್ಕನ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಮೆಣಸಿನಕಾಯಿ ಆರಿಸತೊಡಗಿದಳು. ಹೇಳುವಂತಿರಲಿಲ್ಲ. ಗೋಡೆ ಇನ್ನೂ ಹಸಿಯಾಗಿತ್ತು.

ಆರನೇ ತಿಂಗಳಿಗೆ ಕಾಯಂ ಆಯಿತು. ಮೆಟ್ಟಿಲ ಮೇಲೆ ಮತ್ತೆ ಪಾಚಿ ಹಿಡಿಯುತ್ತಿದೆ. ಹಗ್ಗ ಇಲಿಗೆ ಬಿಟ್ಟಿದ್ದೇನೆ. ದೋಣಿಯನ್ನು ಕೇರಿಯವರೇ ಮಗುಚಿ ಹಾಕಿ ಒಂದು ಕೋಳಿ ತಂದು ಬಿಟ್ಟಿದ್ದಾರೆ. ನಾನು ಬೀದಿಯಲ್ಲಿ ನಡೆದರೆ ಮುದುಕರೂ ಎದ್ದು ನಿಲ್ಲುತ್ತಾರೆ. ಚಂದ್ರಿ ಏಳುವುದಿಲ್ಲ. ಅವಳಿಗೆ ಈಗ ಹನ್ನೆರಡು, ಕೆಮ್ಮು ಪೂರ್ತಿ ಹೋಗಿದೆ, ಕ್ಲಾಸಿಗೆ ಎರಡನೆಯವಳು. ಶಾಲೆಯಿಂದ ಬರುವಾಗ ದಿನವೂ ಮೆಟ್ಟಿಲು ಹತ್ತಿ ಬಂದು ಕಿಟಕಿಯಲ್ಲಿ ಇಣುಕುತ್ತಾಳೆ. ನಾನು ಕೂತಿರುವುದನ್ನು ನೋಡುತ್ತಾಳೆ. ಬೇರೆಯವರ ಹಾಗೆ ತಲೆಯಾಡಿಸುವುದಿಲ್ಲ. ಯಾರಿಂದಲೋ ತನಗೆ ಸಿಗಬೇಕಾದ ಉತ್ತರವನ್ನು ಕಾದುಕೊಂಡಿರುವವಳ ಹಾಗೆ ಸ್ವಲ್ಪ ಹೊತ್ತು ನಿಂತು ಇಳಿದುಹೋಗುತ್ತಾಳೆ.

ಬಾಯಲ್ಲಿ ಹೇಳಲಾಗದ್ದನ್ನು ಬರೆಯಬಹುದಲ್ಲ ಅಂತ ಹೊಳೆದದ್ದು ಈಚೆಗೆ. ನೀರಿಗೆ ಕಿವಿಯಿದೆ, ಆದರೆ ಅದಕ್ಕೆ ಓದಲು ಬರುತ್ತದೆ ಅಂತ ಯಾರೂ ಹೇಳಿದ್ದನ್ನು ಕೇಳಿಲ್ಲ. ಅದಕ್ಕೇ ಇದನ್ನೆಲ್ಲ ಬರೆದು ಮಂಡಕ್ಕಿ ಡಬ್ಬಿಯಲ್ಲಿ ಹಾಕಿ, ಅಟ್ಟದ ಮೇಲೆ ಅಕ್ಕಿಯ ಪಕ್ಕ ಇಟ್ಟಿದ್ದೇನೆ. ಇವತ್ತೇ ಚಂದ್ರಿಗೆ ಕೊಡಬಹುದಿತ್ತು. ಆದರೆ ಕೊಟ್ಟರೆ ಅವಳು ಹೊಸ್ತಿಲ ಮೇಲೆ ಕೂತು, ಮೊದಲ ಸಾಲಿನಿಂದಲೇ, ಕೇರಿಗೆಲ್ಲ ಕೇಳುವ ಹಾಗೆ ಓದುತ್ತಾಳೆ. ಮನಸ್ಸಿನಲ್ಲೇ ಓದಲು ಅವಳು ಇನ್ನೂ ಕಲಿತಿಲ್ಲ. ದಿನವೂ ಸಂಜೆ ಕುರ್ಚಿಯಲ್ಲಿ ಕೂತು ಕಿವಿಗೊಟ್ಟು ಕೇಳುತ್ತೇನೆ, ಇವತ್ತಾದರೂ ಅವಳ ದನಿ ನಿಲ್ಲುತ್ತದೆಯೇ ಎಂದು. ನಿಂತರೆ ಮೊದಲು ಕೇರಿಯ ತಲೆಬದಿ ನೋಡುತ್ತೇನೆ, ಆಮೇಲೆ ಅವಳ ತುಟಿ.